ಸಭೆಯ ಹೊಣೆಯನ್ನು ಕಿರಿಯರಿಗೆ ಒಪ್ಪಿಸುವುದು ಹೇಗೆ?

ಪ್ರಶ್ನೆ

ಹಲವು ವರ್ಷಗಳಿಂದ ನಮ್ಮ ಕ್ರೈಸ್ತ ಸಭೆಯ ಭಾನುವಾರ ಶಾಲೆಯನ್ನೂ ಯುವಜನ ಕೂಟವನ್ನೂ ನಾನು ನೋಡಿಕೊಳ್ಳುತ್ತಿದ್ದೇನೆ. ಪಾಠದ ತಯಾರಿ, ಹಾಡುಗಳ ಆಯ್ಕೆ, ಅಸ್ವಸ್ಥರ ಭೇಟಿ, ಕಾಣಿಕೆಯ ಲೆಕ್ಕ ಎಲ್ಲವೂ ಕೊನೆಗೆ ನನ್ನ ಬಳಿಗೇ ಬಂದು ನಿಲ್ಲುತ್ತವೆ. ಸಮರ್ಥರೂ ಭಕ್ತಿಯುಳ್ಳವರೂ ಆದ ಕೆಲವು ಕಿರಿಯರು ನಮ್ಮಲ್ಲಿದ್ದಾರೆ. ಹೇಳಿದ ಕೆಲಸವನ್ನು ಅವರು ಚೆನ್ನಾಗಿ ಮಾಡುತ್ತಾರೆ, ಆದರೆ ಎಷ್ಟು ಕುರ್ಚಿ ಹಾಕಬೇಕೆಂಬುದನ್ನೂ ನನ್ನನ್ನು ಕೇಳದೆ ತೀರ್ಮಾನಿಸುವುದಿಲ್ಲ. ಹೊಣೆಯನ್ನು ಅವರಿಗೆ ಒಪ್ಪಿಸಬೇಕೆಂದು ಮನಸ್ಸು ಹೇಳುತ್ತದೆ. ಅದೇ ಹೊತ್ತಿಗೆ, ತೋಳ ಬಂದಾಗ ಕುರಿಗಳನ್ನು ಬಿಟ್ಟು ಓಡುವ ಕೂಲಿಯಾಳಿನ ಕುರಿತು ಬೈಬಲಿನ ಯೋಹಾನ 10ರಲ್ಲಿ ಕರ್ತನಾದ ಯೇಸು ಹೇಳಿದ ಮಾತು ನೆನಪಾಗಿ ಕೈ ಹಿಂದೆಗೆಯುತ್ತದೆ. ಒಪ್ಪಿಸುವುದಕ್ಕೂ ಕೈಬಿಡುವುದಕ್ಕೂ ಇರುವ ಗೆರೆ ಎಲ್ಲಿದೆ? ವಾಕ್ಯದ ಆಧಾರದಲ್ಲಿ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ಈ ಪ್ರಶ್ನೆಗೆ ವಿಮೋಚನಕಾಂಡ 18ನೇ ಅಧ್ಯಾಯವನ್ನೇ ಎಲ್ಲರೂ ತೋರಿಸುತ್ತಾರೆ. ಆದರೆ ಅದನ್ನು ನಿಧಾನವಾಗಿ ಓದುವವರು ಕಡಿಮೆ. ಬೆಳಗಿನಿಂದ ಸಂಜೆಯವರೆಗೂ ಮೋಶೆ ಒಬ್ಬನೇ ನ್ಯಾಯತೀರಿಸುತ್ತ ಕುಳಿತಿರುವುದನ್ನು ಅವನ ಮಾವನಾದ ಇತ್ರೋ ನೋಡುತ್ತಾನೆ. ಹೀಗೆ ಮಾಡಿದರೆ ನೀನೂ ಬಳಲುವೆ, ನಿನ್ನೊಂದಿಗಿರುವ ಈ ಜನರೂ ಬಳಲುವರು ಎಂಬುದು ಅವನ ಎಚ್ಚರಿಕೆ. ಇದರ ಎರಡನೆಯ ಭಾಗ ನಮ್ಮ ಗಮನಕ್ಕೆ ಬರುವುದೇ ಇಲ್ಲ. ದುಡಿಯುವ ನಾಯಕನ ಆಯಾಸ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ತಮ್ಮ ಸರದಿಗಾಗಿ ದಿನವಿಡೀ ನಿಂತು ಕಾದವರ ಆಯಾಸವನ್ನು ಇತ್ರೋವನೇ ಗುರುತಿಸಬೇಕಾಯಿತು. ನಿಮ್ಮ ಕಿರಿಯರು ಕುರ್ಚಿಯ ವಿಷಯಕ್ಕೂ ನಿಮ್ಮ ಬಾಯನ್ನೇ ನೋಡುತ್ತಾರೆಂದರೆ, ಅವರೂ ಆ ಸಾಲಿನಲ್ಲಿ ನಿಂತಿದ್ದಾರೆಂದೇ ನಾನು ತಿಳಿಯುತ್ತೇನೆ.

ಇತ್ರೋ ಕೊಟ್ಟ ಸಲಹೆಯ ಕ್ರಮವನ್ನೂ ನೋಡಿ. ಜನರಿಗೆ ದೇವರ ಕಟ್ಟಳೆಗಳನ್ನು ಬೋಧಿಸಿ, ಅವರು ನಡೆಯಬೇಕಾದ ಮಾರ್ಗವನ್ನು ಮೊದಲು ತಿಳಿಸಬೇಕು. ಆ ಬಳಿಕ ಸಮರ್ಥರೂ ದೇವಭಕ್ತರೂ ನಂಬಿಗಸ್ತರೂ ಲಂಚವನ್ನು ದ್ವೇಷಿಸುವವರೂ ಆದವರನ್ನು ಆರಿಸಿ, ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಮುಖ್ಯಸ್ಥರನ್ನಾಗಿ ನೇಮಿಸಬೇಕು. ಸಣ್ಣ ವ್ಯಾಜ್ಯಗಳನ್ನು ಅವರೇ ತೀರಿಸಬೇಕು, ಕಠಿಣವಾದವುಗಳನ್ನು ಮಾತ್ರ ಮೋಶೆಯ ಬಳಿಗೆ ತರಬೇಕು. ಇಲ್ಲಿ ಮೋಶೆ ಬಿಟ್ಟುಕೊಟ್ಟದ್ದು ತೀರ್ಮಾನಿಸುವ ಅಧಿಕಾರವನ್ನೇ. ನಾವು ಸಾಮಾನ್ಯವಾಗಿ ಕೆಲಸವನ್ನಷ್ಟೇ ಹಂಚಿ ತೀರ್ಮಾನವನ್ನು ನಮ್ಮ ಕೈಯಲ್ಲಿಯೇ ಇಟ್ಟುಕೊಳ್ಳುತ್ತೇವೆ. ಆಗ ಕೆಲಸ ಮಾಡುವ ಕೈಗಳು ಹೆಚ್ಚಾಗುತ್ತವೆಯೇ ಹೊರತು ನಾಯಕರು ಹುಟ್ಟುವುದಿಲ್ಲ.

ಅಪೊಸ್ತಲರ ಕೃತ್ಯಗಳು 6ರಲ್ಲಿಯೂ ಇದನ್ನೇ ಕಾಣುತ್ತೇವೆ. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತಾಡುವ ಯೆಹೂದ್ಯರು ಗುಣುಗುಟ್ಟಿದಾಗ, ಅಪೊಸ್ತಲರು ಆಯ್ಕೆಯನ್ನು ಸಭೆಗೇ ಬಿಟ್ಟರು. ಆರಿಸಲ್ಪಟ್ಟ 7 ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಆದ್ದರಿಂದ ನೊಂದವರ ಕಡೆಯವರಿಗೇ ಆ ಹೊಣೆ ಸಿಕ್ಕಿತೆಂದು ಭಾವಿಸಲು ಅವಕಾಶವಿದೆ. ಊಟೋಪಚಾರಕ್ಕೆಂದು ನೇಮಕವಾದ ಸ್ತೆಫನನು ಮುಂದೆ ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆಯ ಎದುರಿನಲ್ಲಿ ಸಾಕ್ಷಿಯಾಗಿ ನಿಂತನು, ಫಿಲಿಪ್ಪನು ಸಮಾರ್ಯಕ್ಕೆ ಸುವಾರ್ತೆಯನ್ನು ಒಯ್ದನು. ಇದನ್ನು ಅಪೊಸ್ತಲರಲ್ಲಿ ಯಾರೂ ಮೊದಲೇ ಯೋಜಿಸಿರಲಿಲ್ಲ.

ಉತ್ತರ 2

ನಾನು ಆಸ್ಪತ್ರೆಯೊಂದರಲ್ಲಿ ದಾದಿ. ಪಾಳಿ ಬದಲಾಗುವಾಗ ನಾವು ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ನಿಂತು ಮುಂದಿನವರಿಗೆ ವಿವರಗಳನ್ನು ಒಪ್ಪಿಸುತ್ತೇವೆ. ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟಾಯಿತು, ಯಾವುದು ಬಾಕಿಯಿದೆ, ನೋವು ಎಲ್ಲಿದೆ ಎಂಬುದನ್ನು ರೋಗಿಯೂ ಕೇಳಿಸಿಕೊಳ್ಳುತ್ತಾನೆ, ತಪ್ಪಿದ್ದರೆ ತಿದ್ದುತ್ತಾನೆ, ಇನ್ನು ಮುಂದೆ ಯಾರನ್ನು ಕರೆಯಬೇಕೆಂಬುದೂ ಅವನಿಗೆ ತಿಳಿಯುತ್ತದೆ. ಅದೇ ಮಾತನ್ನು ಕೋಣೆಯ ಹೊರಗೆ ಆಡಿ ಮುಗಿಸಿದರೆ, ರೋಗಿ ಹಳೆಯ ದಾದಿಯ ಹೆಸರನ್ನೇ ಕೂಗುತ್ತಿರುತ್ತಾನೆ.

ಬೈಬಲಿನ ಅರಣ್ಯಕಾಂಡ 27ರಲ್ಲಿ ನನಗೆ ಕಾಣುವುದೂ ಇದೇ. ಜನಸಮೂಹವು ಕುರುಬನಿಲ್ಲದ ಕುರಿಗಳಂತೆ ಆಗಬಾರದು, ಅವರಿಗೊಬ್ಬ ನಾಯಕನನ್ನು ನೇಮಿಸು ಎಂದು ಮೋಶೆಯೇ ದೇವರನ್ನು ಬೇಡಿಕೊಂಡನು. ಮೋಶೆಯು ತನ್ನ ಸಹಾಯಕನಾದ ಯೆಹೋಶುವನನ್ನು ಯಾಜಕನಾದ ಎಲ್ಲಾಜಾರನ ಮುಂದೆಯೂ ಇಡೀ ಸಮೂಹದ ಮುಂದೆಯೂ ನಿಲ್ಲಿಸಿ, ಅವನ ಮೇಲೆ ಕೈಯಿಟ್ಟು, ತನ್ನ ಗೌರವದಲ್ಲಿ ಪಾಲು ಕೊಡಬೇಕೆಂಬುದು ದೇವರ ಅಪ್ಪಣೆಯಾಗಿತ್ತು. ನೀವು ಕಿರಿಯರಿಗೆ ಏಕಾಂತದಲ್ಲಿ ಹೊಣೆ ಕೊಟ್ಟರೆ ಸಾಲದು, ಸಭೆಯ ಮುಂದೆ ಅವರ ಹೆಸರು ಹೇಳಿ, ಅವರಿಗಾಗಿ ಪ್ರಾರ್ಥಿಸಿ. ಅದಾದ ಮೇಲೆ ಯಾರಾದರೂ ಆ ಕೆಲಸದ ವಿಷಯವಾಗಿ ನಿಮ್ಮ ಬಳಿಗೆ ಬಂದರೆ, ಉತ್ತರ ನಿಮಗೆ ಗೊತ್ತಿದ್ದರೂ ಅವರ ಬಳಿಗೇ ಕಳುಹಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ಇನ್ನೆರಡು ಸಂದೇಹಗಳಿವೆ. ಆ ಕಿರಿಯರಲ್ಲಿ ಒಬ್ಬರ ಬೋಧನೆಯ ವರ ನನಗಿಂತ ದೊಡ್ಡದೆಂದು ಸಭೆಯವರೇ ಹೇಳುತ್ತಿದ್ದಾರೆ. ಅವರ ಪಕ್ಕದಲ್ಲಿ ನನ್ನ ಸ್ಥಾನವೇನು? ಕಾಣಿಕೆಯ ಲೆಕ್ಕವನ್ನೂ ಹೀಗೆಯೇ ಒಪ್ಪಿಸಬಹುದೇ?

ಉತ್ತರ 3

ಮೊದಲನೆಯದಕ್ಕೆ ಅಪೊಸ್ತಲರ ಕೃತ್ಯಗಳು 11ರಲ್ಲಿ ಬರುವ ಬಾರ್ನಬನನ್ನು ನೋಡಿ. ಯೆರೂಸಲೇಮಿನ ಸಭೆ ಅವನನ್ನು ಅಂತಿಯೋಕ್ಯಕ್ಕೆ ಕಳುಹಿಸಿತು. ಅಲ್ಲಿ ದೇವರ ಕೃಪೆಯನ್ನು ಕಂಡು ಅವನು ಸಂತೋಷಪಟ್ಟನು, ಬಹು ಜನ ಕರ್ತನನ್ನು ಸೇರಿಕೊಂಡರು. ಕೆಲಸ ಹೀಗೆ ಬೆಳೆಯುತ್ತಿರುವಾಗಲೇ ಅವನು ಮುಂದೆ ಪೌಲನೆನಿಸಿದ ಸೌಲನನ್ನು ಹುಡುಕುವುದಕ್ಕಾಗಿ ತಾರ್ಸಕ್ಕೆ ಹೋಗಿ, ಅವನನ್ನು ಕರೆತಂದು, ಒಂದು ವರ್ಷ ಪೂರ್ತಿ ಜೊತೆಯಾಗಿ ಬೋಧಿಸಿದನು. ಅದೇ ಪುಸ್ತಕದ 13ನೇ ಅಧ್ಯಾಯದ ಆರಂಭದಲ್ಲಿ ‘ಬಾರ್ನಬ, ಸೌಲ’ ಎಂದಿದ್ದ ಕ್ರಮ, ಕುಪ್ರದ್ವೀಪವನ್ನು ದಾಟುವಷ್ಟರಲ್ಲಿ ಹೆಚ್ಚಾಗಿ ‘ಪೌಲ, ಬಾರ್ನಬ’ ಎಂದಾಗುತ್ತದೆ. ಬಾರ್ನಬನು ಅದಕ್ಕಾಗಿ ಮುನಿಸಿಕೊಂಡನೆಂದು ಆ ಪುಸ್ತಕವನ್ನು ಬರೆದ ಲೂಕನು ಎಲ್ಲಿಯೂ ಬರೆದಿಲ್ಲ. ಮುಂದೆ ಅವರಿಬ್ಬರ ನಡುವೆ ತೀಕ್ಷ್ಣವಾದ ಭಿನ್ನಾಭಿಪ್ರಾಯ ಉಂಟಾದದ್ದು ನಿಜ, ಆದರೆ ಅದು ಹಿಂದಿನ ಪ್ರಯಾಣದಲ್ಲಿ ಬಿಟ್ಟುಹೋಗಿದ್ದ ಮಾರ್ಕನಿಗೆ ಇನ್ನೊಂದು ಅವಕಾಶ ಕೊಡಬೇಕೆಂದು ಬಾರ್ನಬನು ಹಟಹಿಡಿದದ್ದರಿಂದ. ಅದೇ ಮಾರ್ಕನು ತನ್ನ ಸೇವೆಗೆ ಉಪಯುಕ್ತನೆಂದು ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಹೇಳುತ್ತಾನೆ. ಆದುದರಿಂದ ಆ ಬೋಧಕರ ಪಕ್ಕದಲ್ಲಿ ನಿಮಗೆ ಕೆಲಸ ಧಾರಾಳವಾಗಿದೆ. ಎಡವಿದವರನ್ನು ಮತ್ತೆ ಕರೆತರುವವರು, ಮೂಲೆಯಲ್ಲಿರುವವರನ್ನು ಹುಡುಕುವವರು ಎಲ್ಲ ಸಭೆಗಳಲ್ಲಿಯೂ ವಿರಳ.

ಕೂಲಿಯಾಳಿನ ಮಾತಿಗೂ ನಿಮ್ಮ ಸ್ಥಿತಿಗೂ ಸಂಬಂಧವಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಅವನು ಓಡಿದ್ದು ಕುರಿಗಳ ಚಿಂತೆ ತನಗಿಲ್ಲದ ಕಾರಣ. ನೀವು ಈ ಪ್ರಶ್ನೆಯನ್ನು ಕೇಳುತ್ತಿರುವುದೇ ಆ ಚಿಂತೆ ಇರುವುದರಿಂದ.

ಉತ್ತರ 1 ಬರೆದವರು

ಲೆಕ್ಕದ ವಿಷಯಕ್ಕೆ 2 ಕೊರಿಂಥ 8:18-22ನ್ನು ಓದಿ. ಬಡವರಿಗಾಗಿ ಕೂಡಿಸಿದ ಹಣದ ವಿಷಯದಲ್ಲಿ ಯಾರೂ ತಪ್ಪುಹೊರಿಸದಂತೆ ಪೌಲನು ತನ್ನ ಜೊತೆಗೆಲಸಗಾರನಾದ ತೀತನೊಂದಿಗೆ ಇನ್ನಿಬ್ಬರು ಸಹೋದರರನ್ನು ಕಳುಹಿಸಿದನು. ಅವರಲ್ಲಿ ಒಬ್ಬನನ್ನು ಸಭೆಗಳೇ ನೇಮಿಸಿದ್ದವು. ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾದದ್ದನ್ನೇ ಮಾಡಬೇಕೆಂಬುದು ಅವನು ಕೊಡುವ ಕಾರಣ. ಆದ್ದರಿಂದ ಹಣವನ್ನು ಒಬ್ಬ ಕಿರಿಯರ ಕೈಗೆ ಮಾತ್ರ ಒಪ್ಪಿಸಬೇಡಿ, ನಿಮ್ಮೊಬ್ಬರ ಕೈಯಲ್ಲಿಯೂ ಇಟ್ಟುಕೊಳ್ಳಬೇಡಿ. ಒಂದೇ ಕುಟುಂಬಕ್ಕೆ ಸೇರದ ಇಬ್ಬರು ಆರಾಧನೆಯ ನಂತರ ಕೂಡಿ ಎಣಿಸಿ, ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ, ಮೂರನೆಯವರು ಅದನ್ನು ಬ್ಯಾಂಕಿನ ರಸೀದಿಯೊಂದಿಗೆ ಹೋಲಿಸಿ ನೋಡಲಿ. ಮುಂದಿನ ತಿಂಗಳ ಲೆಕ್ಕದಿಂದಲೇ ಇದನ್ನು ಆರಂಭಿಸಬಹುದು.