ಮಂಜಣ್ಣನ ಟಿಟಿಯ (ಟೆಂಪೋ ಟ್ರಾವೆಲರ್) ಸ್ಪೀಡ್ ಗವರ್ನರ್ ತೆಗೆಸಬೇಕಾ?

ಗುಂಪು: ಹಾಸನದ ಮನೆಯವರು

ಚಿಕ್ಕಪ್ಪ: (ವಿಡಿಯೋ) ‘ಎರಡೇ ನಿಮಿಷದಲ್ಲಿ ಸ್ಪೀಡ್ ಲಾಕ್ ತೆಗೆಯಿರಿ, ಪಿಕಪ್ ಡಬಲ್!’

ಚಿಕ್ಕಪ್ಪ: ಮಂಜ, ಇದನ್ನು ನೋಡು. ಒಂದು ವೈರ್ ಕಟ್ ಮಾಡಿದರೆ ಮುಗಿಯಿತು. ಭಾನುವಾರ ಧರ್ಮಸ್ಥಳಕ್ಕೆ ಹೊರಡುವುದರೊಳಗೆ ಮಾಡಿಸಿಬಿಡು. ಹೋದ ಸಲ ವಾಪಸ್ ಬರುವಾಗ ಶಿರಾಡಿಯಲ್ಲಿ ನಿನ್ನ ಟಿಟಿ ಹೇಗೆ ಒದ್ದಾಡಿತು ಅಂತ ಎಲ್ಲರೂ ನೋಡಿದ್ದೇವೆ.

ಮಂಜಣ್ಣ: ನೋಡಿದೆ ಚಿಕ್ಕಪ್ಪ. ನಮ್ಮ ಸ್ಟ್ಯಾಂಡಲ್ಲಿ ಇಬ್ಬರು ಮಾಡಿಸಿದ್ದಾರಂತೆ. ಗುಂಡ್ಯದಿಂದ ಮಾರನಹಳ್ಳಿಗೆ ಹತ್ತುವಾಗ ಗಾಡಿ ನಿಜವಾಗಲೂ ಎಳೆಯುವುದಿಲ್ಲ.

ನಾನು: ಮಂಜಣ್ಣ, ದಯವಿಟ್ಟು ಬೇಡ. ಒಂದೇ ಒಂದು ಹೇಳು, ಅಲ್ಲಿ ಹತ್ತುವಾಗ ಮೀಟರಲ್ಲಿ ಎಷ್ಟಿತ್ತು?

ಮಂಜಣ್ಣ: 30, ಜಾಸ್ತಿ ಅಂದ್ರೆ 35.

ನಾನು: ನಿನ್ನ ಗವರ್ನರ್, ಅಂದ್ರೆ ಆ ಸ್ಪೀಡ್ ಲಾಕ್, ಸೆಟ್ ಆಗಿರುವುದು ಗಂಟೆಗೆ 80 ಕಿ.ಮೀ.ಗೆ. 35ರಲ್ಲಿ ಅದಕ್ಕೆ ಕೆಲಸವೇ ಇಲ್ಲ, ಸುಮ್ನೆ ನೋಡುತ್ತಾ ಕೂತಿರುತ್ತದೆ. ನಾನು ದಿನಾ ಇಂಥದ್ದೇ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕೆಲಸ ಮಾಡುವವಳು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಗೇರ್‌ಬಾಕ್ಸ್ ಹತ್ತಿರವೋ ಚಕ್ರದ ಹತ್ತಿರವೋ ಒಂದು ಸ್ಪೀಡ್ ಸೆನ್ಸರ್ ಇರುತ್ತದೆ. ಎಷ್ಟು ತಿರುಗುತ್ತಿದೆ ಅಂತ ಅದು ಇಸಿಯುಗೆ ಹೇಳುತ್ತಲೇ ಇರುತ್ತದೆ. ಈಗಿನ ಗಾಡಿಗಳಲ್ಲಿ ಆಕ್ಸಿಲರೇಟರ್‌ಗೆ ಕೇಬಲ್ ಇಲ್ಲ, ಪೆಡಲ್ ಹತ್ತಿರವೂ ಒಂದು ಸೆನ್ಸರ್. ನೀನು ಒತ್ತುವುದು ಇಂಜಿನ್‌ಗೆ ಒಂದು ಬೇಡಿಕೆ ಅಷ್ಟೇ, ಎಷ್ಟು ಡೀಸೆಲ್ ಬಿಡಬೇಕು ಅಂತ ಲೆಕ್ಕ ಹಾಕುವುದು ಇಸಿಯು. 80 ಹತ್ತಿರ ಬಂದಾಗ ನೀನು ಎಷ್ಟೇ ತುಳಿದರೂ ಅದು ಡೀಸೆಲ್ ಜಾಸ್ತಿ ಬಿಡುವುದಿಲ್ಲ. ಪೆಟ್ರೋಲ್ ಕಾರಾದರೆ ಥ್ರಾಟಲ್ ಮುಚ್ಚುತ್ತದೆ, ಇಲ್ಲವೇ ಇಂಜೆಕ್ಟರ್ ನಿಲ್ಲಿಸುತ್ತದೆ. ಇಂಜಿನ್ ಆಫ್ ಆಗುವುದಿಲ್ಲ, ಬ್ರೇಕ್ ಕೂಡ ಹಾಕುವುದಿಲ್ಲ. ಹೋಗುವಾಗ ಶಿರಾಡಿ ಇಳಿಜಾರಲ್ಲಿ ಗಾಡಿ ತನ್ನ ಭಾರಕ್ಕೇ 80 ದಾಟಿದರೂ ಅದು ಏನೂ ಮಾಡಲಾರದು. ಅಲ್ಲಿ ನಿನ್ನ ಗೇರು, ನಿನ್ನ ಕಾಲೇ ಗತಿ.

ಚಿಕ್ಕಪ್ಪ: ಪುಟ್ಟಿ, ಓದಿದ್ದೀಯ, ಸರಿ. ಆದರೆ ನಾನು 30 ವರ್ಷ ಸ್ಟೇರಿಂಗ್ ಹಿಡಿದವನು. ಓವರ್‌ಟೇಕ್ ಮಾಡುವಾಗ ಅರ್ಧಕ್ಕೆ ಗಾಡಿ ಸತ್ತ ಹಾಗೆ ಆಗುತ್ತದಲ್ಲ, ಎದುರಿಗೆ ಬಸ್ ಬಂದರೆ ನಿನ್ನ ಸೆನ್ಸರ್ ಬಂದು ಕಾಪಾಡುತ್ತದಾ?

ಗೀತತ್ತೆ: ಅದೂ ಸರಿ ಅಲ್ವಾ? ನನಗೂ ಅದೇ ಭಯ.

ನಾನು: ಚಿಕ್ಕಪ್ಪ, ನೀವು ಹೇಳುವುದರಲ್ಲಿ ನಿಜ ಇದೆ, ಅದನ್ನು ಒಪ್ಪುತ್ತೇನೆ. ಲಾರಿ 70ರಲ್ಲಿ ಹೋಗುತ್ತಿದೆ, ನಾವು 80ರಲ್ಲಿ. ಒಂದು ಸೆಕೆಂಡಿಗೆ ನಾವು ಮುಂದೆ ಹೋಗುವುದು 3 ಮೀಟರಿಗೂ ಕಡಿಮೆ. ಲಾರಿಯ ಉದ್ದ, ನಮ್ಮ ಉದ್ದ, ಹಿಂದೆ ಮುಂದೆ ಬಿಡುವ ಜಾಗ ಎಲ್ಲ ಸೇರಿ 55 ಮೀಟರ್ ಅಂದುಕೊಳ್ಳಿ, ಸುಮಾರು 20 ಸೆಕೆಂಡ್ ಬೇಕು. ಅಷ್ಟರಲ್ಲಿ ನಾವು 440 ಮೀಟರ್ ಹೋಗಿರುತ್ತೇವೆ, ಎದುರಿನ ಬಸ್ಸೂ ಅಷ್ಟೇ ಬಂದಿರುತ್ತದೆ. ಹೆಚ್ಚು ಕಡಿಮೆ 900 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣಬೇಕು. ನಮ್ಮ ಬೇಲೂರು ರಸ್ತೆಯಲ್ಲಿ ಅಷ್ಟು ಕಾಣುವ ಜಾಗ ಎಷ್ಟಿದೆ ಹೇಳಿ? ಹಾಗಾಗಿ 70ರಲ್ಲಿ ಹೋಗುವ ಲಾರಿಯನ್ನು ಟಿಟಿಯಲ್ಲಿ ದಾಟಲೇಬಾರದು, ಹಿಂದೆಯೇ ಹೋಗಬೇಕು. ಬೇಜಾರಾಗುತ್ತದೆ, ಹೌದು. ಚನ್ನರಾಯಪಟ್ಟಣದ ಕಡೆ ಫೋರ್ ಲೇನಲ್ಲಿ ಎದುರು ಗಾಡಿಯ ಚಿಂತೆ ಇಲ್ಲ. ಘಾಟಿಯಲ್ಲಿ ಲಾರಿ 20ರಲ್ಲಿ ಹತ್ತುತ್ತದೆ, ಅಲ್ಲಿ ಗವರ್ನರ್ ಅಡ್ಡ ಬರುವುದೇ ಇಲ್ಲ.

ಚಿಕ್ಕಪ್ಪ: ಹಾಗಾದರೆ ನನ್ನ ಕಾರಿಗೆ ಯಾಕಿಲ್ಲ? ಅದು 150 ಹೊಡೆಯುತ್ತದೆ. ಹಳದಿ ಬೋರ್ಡಿನವನು ಮಾತ್ರ ಪಾಪಿನಾ? ಎಲ್ಲ ದುಡ್ಡು ಮಾಡುವ ದಾರಿ.

ಮಂಜಣ್ಣ: ಅದೇ ಚಿಕ್ಕಪ್ಪ ನನಗೂ ಹೊಟ್ಟೆ ಉರಿಯುವುದು.

ನಾನು: ಆ ಕೋಪ ನನಗೆ ಅರ್ಥ ಆಗುತ್ತದೆ. ಆದರೆ ಟಿಟಿಯಲ್ಲಿ 12 ಜನ ಕೂರುತ್ತಾರೆ, ಎತ್ತರದ ಗಾಡಿ, ಮೇಲೆ ಕ್ಯಾರಿಯರ್ ಮೇಲೆ ಲಗೇಜು. ವೇಗ 80ರಿಂದ 100 ಆದರೆ ಕಾಲುಭಾಗ ಹೆಚ್ಚಾಯಿತು ಅಂತ ಅನಿಸುತ್ತದೆ, ಆದರೆ ಬ್ರೇಕ್ ಹಿಡಿದು ನಿಲ್ಲಿಸಬೇಕಾದ ಶಕ್ತಿ (ಎನರ್ಜಿ) ಒಂದೂವರೆ ಪಟ್ಟಿಗೂ ಜಾಸ್ತಿ ಆಗುತ್ತದೆ, ಯಾಕಂದ್ರೆ ಅದು ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 2015ರ ಅಕ್ಟೋಬರ್ 1ರ ನಂತರ ತಯಾರಾದ ಇಂಥ ಬಾಡಿಗೆ ಗಾಡಿಗಳಿಗೆ 80, ಶಾಲಾ ಬಸ್ಸು, ಟ್ಯಾಂಕರ್, ಡಂಪರ್‌ಗೆ 60 ಅಂತ ಕೇಂದ್ರದ ನಿಯಮ ಬಂದಿದ್ದು ಇದಕ್ಕೇ.

ಇನ್ನು ಕಾರಿಗೆ ಇಲ್ಲ ಅಂತಲ್ಲ. ಜರ್ಮನಿಯ ದೊಡ್ಡ ಕಂಪನಿಗಳು ತಾವೇ ಮಾತಾಡಿಕೊಂಡು ಹೆಚ್ಚಿನ ಕಾರುಗಳನ್ನು 250ಕ್ಕೆ ನಿಲ್ಲಿಸಿದವು, ಜಪಾನಿನವರು ತಮ್ಮ ದೇಶದ ಕಾರುಗಳನ್ನು 180ಕ್ಕೆ. ವೋಲ್ವೋ 2020ರಿಂದ ತನ್ನ ಎಲ್ಲ ಹೊಸ ಕಾರುಗಳನ್ನೂ 180ಕ್ಕೆ ಕಟ್ಟಿಹಾಕಿತು. ಟೈರೂ ಒಂದು ಕಾರಣ. ಟೈರಿನ ಪಕ್ಕದಲ್ಲಿ ಅಳತೆಯ ಕೊನೆಗೆ ಒಂದು ಅಕ್ಷರ ಇರುತ್ತದೆ, ‘ಎಸ್’ ಇದ್ದರೆ 180, ‘ಟಿ’ ಇದ್ದರೆ 190, ‘ಎಚ್’ ಇದ್ದರೆ 210 ಕಿ.ಮೀ.ವರೆಗೆ ತಡೆಯುತ್ತದೆ ಅಂತ. ಅದನ್ನು ದಾಟಿದರೆ ಟೈರ್ ಕಾದು ಸಿಡಿಯಬಹುದು.

ಗೀತತ್ತೆ: ನಮ್ಮ ಹೊಸ ಕಾರಲ್ಲಿ 80 ಆದಾಗ ಟಿಣ್ ಟಿಣ್ ಅನ್ನುತ್ತದಲ್ಲ, ಅದೂ ಇದೇನಾ?

ನಾನು: ಅಲ್ಲ ಅತ್ತೆ, ಅದು ಬರೀ ಎಚ್ಚರಿಕೆ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಹೊಡೆಯುತ್ತದೆ. ವೇಗ ತಡೆಯುವುದಿಲ್ಲ.

ಮಂಜಣ್ಣ: ಸರಿ, ಆ ವೈರ್ ಕಟ್ ಮಾಡಿದರೆ ಏನಾಗುತ್ತದೆ ಅಂತ ಹೇಳು.

ನಾನು: ಆ ವಿಡಿಯೋದವನು ಕಟ್ ಮಾಡುತ್ತಿರುವುದು ಸೆನ್ಸರಿನಿಂದ ಬರುವ ವೈರನ್ನು. ಎಷ್ಟೋ ಗಾಡಿಗಳಲ್ಲಿ ಸ್ಪೀಡೋಮೀಟರ್‌ಗೂ ಅದೇ ಸಿಗ್ನಲ್. ಮೀಟರ್ ಸತ್ತರೆ ನಿನಗೇ ಎಷ್ಟರಲ್ಲಿ ಹೋಗುತ್ತಿದ್ದೀಯ ಅಂತ ಗೊತ್ತಾಗುವುದಿಲ್ಲ. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಪರೀಕ್ಷೆ) ಹೋದಾಗ ಸಿಕ್ಕಿಬೀಳುವುದು ಬೇರೆ. ಮಂಜಣ್ಣ, ಎರಡು ವರ್ಷದ ಹಿಂದೆ ನಾವೆಲ್ಲ ಬಾಡಿಗೆಗೆ ಹಿಡಿದ ಗಾಡಿ ನೆನಪಿದೆಯಾ? ಲಾಕ್ ತೆಗೆಸಿದ್ದೇನೆ ಅಂತ ಹೆಮ್ಮೆಯಿಂದ ಹೇಳಿದ್ದನಲ್ಲ ಆ ಡ್ರೈವರ್. ಹಿರೀಸಾವೆ ದಾಟುವವರೆಗೂ ಅಜ್ಜಿ ಮುಂದಿನ ಸೀಟಿನ ಕಂಬಿ ಬಿಡಲೇ ಇಲ್ಲ. ಇಳಿದ ಮೇಲೆ ಅವರ ಕೈ ನಡುಗುತ್ತಿತ್ತು. ಭಾನುವಾರವೂ ಅಜ್ಜಿ ಬರುತ್ತಾರೆ.

ಚಿಕ್ಕಪ್ಪ: ಅದು ಆ ಡ್ರೈವರ್ ತಪ್ಪು, ಮಂಜ ಹಾಗೆ ಓಡಿಸುವವನಲ್ಲ.

ನಾನು: ಮಂಜಣ್ಣ ಓಡಿಸುವುದಿಲ್ಲ ಚಿಕ್ಕಪ್ಪ, ನನಗೂ ಗೊತ್ತು. ಆದರೆ ಅವನು ಬದಲಿ ಡ್ರೈವರ್ ಕೈಗೆ ಗಾಡಿ ಕೊಡುವ ದಿನವೂ ಬರುತ್ತದೆ. 100 ಕಿ.ಮೀ. ದಾರಿಗೆ 80ರ ಬದಲು 100ರಲ್ಲೇ ಒಂದೇ ಸಮ ಹೋದರೂ ಉಳಿಯುವುದು 15 ನಿಮಿಷ. ನಮ್ಮ ದಾರಿಯಲ್ಲಿ ಹಾಗೆ ಒಂದೇ ಸಮ ಹೋಗಲು ಎಲ್ಲಿ ಆಗುತ್ತದೆ?

ಮಂಜಣ್ಣ: ಹಾಗಾದ್ರೆ ಘಾಟಿಯಲ್ಲಿ ಎಳೆಯದೇ ಇರುವುದಕ್ಕೆ ಕಾರಣ ಏನು?

ನಾನು: ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಯಾವಾಗ ಬದಲಾಯಿಸಿದೆ? ಟರ್ಬೋ ಪೈಪ್ ಎಲ್ಲಾದರೂ ಬಿರುಕು ಬಿಟ್ಟಿದೆಯಾ ನೋಡಿಸು. ಹತ್ತುವಾಗ ಇಂಜಿನ್ ಸದ್ದು ಏರುತ್ತದೆ ಆದರೆ ಗಾಡಿ ಮುಂದೆ ಹೋಗಲ್ಲ ಅನ್ನುವ ಹಾಗಿದ್ದರೆ ಕ್ಲಚ್ ಪ್ಲೇಟ್.

ಮಂಜಣ್ಣ: ಸದ್ದು ಏರಲ್ಲ, ಕಪ್ಪು ಹೊಗೆ ಬರುತ್ತದೆ. ಏರ್ ಫಿಲ್ಟರ್ ಬದಲಾಯಿಸಿ ಒಂದು ವರ್ಷದ ಮೇಲಾಯಿತು.

ನಾನು: ಮೊದಲು ಅದನ್ನೇ ನೋಡಿಸು.

ಚಿಕ್ಕಪ್ಪ: ಫಿಲ್ಟರ್ ಹಾಕಿಸಿದ ಮೇಲೂ ಎಳೆಯದಿದ್ದರೆ ನಾನು ಸುಮ್ನಿರಲ್ಲ.

ಮಂಜಣ್ಣ: ನಾಳೆ ಗ್ಯಾರೇಜಿಗೆ ಬಿಡುತ್ತೇನೆ. ವೈರ್ ಮುಟ್ಟಿಸಲ್ಲ. ಭಾನುವಾರ 6ರ ಬದಲು 5ಕ್ಕೇ ಹೊರಡೋಣ, ಅಜ್ಜಿಗೆ ಹೇಳಿಬಿಡಿ ಅತ್ತೆ.