ಸಹಾಯ ಬೇಕು: ಫ್ಲೋರೈಡ್ ನಕ್ಷೆಗೆ ವೇರಿಯೋಗ್ರಾಮ್ ಕೂರುತ್ತಿಲ್ಲ

ನಮಸ್ಕಾರ. ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ಕಡೆಯ 62 ಬೋರ್‌ವೆಲ್‌ಗಳ ಫ್ಲೋರೈಡ್ ಅಳತೆಯಿಂದ ಕ್ಯೂಜಿಐಎಸ್ ನಕ್ಷೆ ತಂತ್ರಾಂಶ ಮತ್ತು ಆರ್ ಎಂಬ ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ನಕ್ಷೆ ಮಾಡುತ್ತಿದ್ದೇವೆ. ನೀರು ಹಿಡಿದದ್ದು ಪ್ಲಾಸ್ಟಿಕ್ ಬಾಟಲಿಯಲ್ಲಿ (ಗಾಜಾದರೆ ಫ್ಲೋರೈಡ್ ಅದರ ಜೊತೆ ವರ್ತಿಸುತ್ತದೆ). ಅಯಾನು ಎಲೆಕ್ಟ್ರೋಡ್‌ನಲ್ಲಿ ಅಳೆಯುವಾಗ ಟೈಸಾಬ್ ಬಫರ್ (ಆಮ್ಲತೆ, ಅಯಾನು ಬಲವನ್ನು ಸ್ಥಿರವಾಗಿಡುವ ದ್ರಾವಣ) ಸಮಪ್ರಮಾಣದಲ್ಲಿ ಬೆರೆಸಿದೆ. ಹಾಗಾಗಿ ತಪ್ಪು ಲ್ಯಾಬಿನದ್ದಲ್ಲ ಅನ್ನಿಸುತ್ತದೆ.

ಐಡಿಡಬ್ಲ್ಯೂ (ಹತ್ತಿರದ ಬಿಂದುವಿಗೆ ಹೆಚ್ಚು ತೂಕ ಕೊಟ್ಟು ನಡುವಿನ ಬೆಲೆ ಅಂದಾಜಿಸುವ ವಿಧಾನ) ಹಾಕಿದರೆ ಒಂದೊಂದು ಬೋರ್ ಸುತ್ತ ದೋಸೆ ಹುಯ್ದಂತೆ ಉಂಗುರ ಬರುತ್ತದೆ. ಕ್ರಿಗಿಂಗ್‌ಗೆ (ದೂರದ ಜೊತೆ ಬೆಲೆ ಹೇಗೆ ಬದಲಾಗುತ್ತದೆಂದು ನೋಡಿ ನಡುವಿನ ಬೆಲೆ ಅಂದಾಜಿಸುವ ವಿಧಾನ) ಹೋದರೆ, ಆ ಬದಲಾವಣೆ ತೋರಿಸುವ ವೇರಿಯೋಗ್ರಾಮ್ ಪೂರ್ತಿ ನಗೆಟ್, ಅಂದರೆ ಹತ್ತಿರದ ಬಿಂದುಗಳಲ್ಲೂ ಹೋಲಿಕೆ ಕಾಣದು, ಗೆರೆ ಏಳುವುದೇ ಇಲ್ಲ. ಡಿಗ್ರಿಯಲ್ಲಿದ್ದ ನಿರ್ದೇಶಾಂಕಗಳನ್ನು ಮೀಟರ್ ಲೆಕ್ಕದ ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿದ್ದಾಯ್ತು. ಬೆಲೆಗಳು ಒಂದೇ ಕಡೆ ವಾಲಿದ್ದರಿಂದ ಲಾಗ್ ತೆಗೆದು, ವೇರಿಯೋಗ್ರಾಮನ್ನು ಬಿಂದುಗಳ ನಡುವಿನ ಗರಿಷ್ಠ ದೂರದ ಅರ್ಧಕ್ಕೆ ಕತ್ತರಿಸಿಯೂ ನೋಡಿದೆವು.

ಅನುಮಾನ ಕಲ್ಲಿನ ಮೇಲೆ. ಚಿತ್ರದುರ್ಗದ ಶಿಸ್ಟ್ (ಪದರ ಪದರವಾದ ರೂಪಾಂತರ ಶಿಲೆ) ಪಟ್ಟಿ ಸುಮಾರಾಗಿ ಉತ್ತರ-ದಕ್ಷಿಣ ಹಾಯುತ್ತದೆ, ಅಕ್ಕಪಕ್ಕ ನೈಸ್ (ಪಟ್ಟೆಗಳಿರುವ ರೂಪಾಂತರ ಶಿಲೆ), ಗ್ರಾನೈಟ್. ಬಯೊಟೈಟ್, ಅಪಟೈಟ್ ಖನಿಜಗಳಿರುವ ನೈಸ್‌ನಲ್ಲಿ, ಅದರಲ್ಲೂ ಕ್ಯಾಲ್ಸಿಯಂ ಕಮ್ಮಿಯಿದ್ದು ಬೈಕಾರ್ಬೊನೇಟ್ ಜಾಸ್ತಿಯಿರುವ ನೀರಿನಲ್ಲಿ, ಫ್ಲೋರೈಡ್ ಏರುತ್ತದೆ. ಶಿಸ್ಟ್, ನೈಸ್ ಎರಡನ್ನೂ ಒಂದೇ ರಾಶಿಗೆ ಸುರಿದರೆ ವೇರಿಯೋಗ್ರಾಮ್ ಕೆಡದೆ ಇನ್ನೇನು? ಬೇರೆ ಮಾಡಿದರೆ ಶಿಸ್ಟ್‌ಗೆ 19 ಬಿಂದುಗಳಷ್ಟೇ ಉಳಿದು, ಹತ್ತಿರದ ಲ್ಯಾಗ್‌ಗಳಲ್ಲಿ (ಬಿಂದುಗಳ ನಡುವಿನ ದೂರದ ವರ್ಗಗಳಲ್ಲಿ) 30 ಜೋಡಿಯೂ ಸಿಗುವುದಿಲ್ಲ.

ಕಲ್ಲಿನ ಬಗೆಯನ್ನು ಹೊರ ಚರಾಂಶವಾಗಿ ಇಟ್ಟು ಆರ್‌ನ ಜಿಸ್ಟ್ಯಾಟ್ ಪ್ಯಾಕೇಜಿನಲ್ಲಿ ಯುನಿವರ್ಸಲ್ ಕ್ರಿಗಿಂಗ್ (ಇಂಥ ಚರಾಂಶದ ಪ್ರಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಿಗಿಂಗ್) ಮಾಡಿದವರು ಇದ್ದೀರಾ? ಶೇಷಗಳ (ಕಲ್ಲಿನ ಪ್ರಭಾವ ಕಳೆದು ಉಳಿದ ಬೆಲೆಗಳ) ವೇರಿಯೋಗ್ರಾಮ್ ಇಷ್ಟು ಕಮ್ಮಿ ಬಿಂದುಗಳಲ್ಲಿ ನಿಲ್ಲುತ್ತದೆಯೇ? ಬೋರ್ ಆಳವನ್ನೂ ಸೇರಿಸಬೇಕೆಂದಿದೆ, ಆದರೆ ಮಾಲೀಕರು ಹೇಳುವ ಆಳವೇ ಬೇರೆ, ಕೇಸಿಂಗ್ ಲೆಕ್ಕವೇ ಬೇರೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟುವ ಸಂಭವನೀಯತೆ ತೋರಿಸಲು ಇಂಡಿಕೇಟರ್ ಕ್ರಿಗಿಂಗೇ (ಬೆಲೆಯ ಬದಲು ಮಿತಿ ದಾಟಿದೆಯೋ ಇಲ್ಲವೋ ಎಂಬುದನ್ನೇ 1, 0 ಮಾಡಿ ಅಂದಾಜಿಸುವುದು) ವಾಸಿ ಅನ್ನುವವರು ಕೋಡ್ ತುಣುಕು ಹಾಕಿದರೆ ಉಪಕಾರ.