‘ಏರ್ ಹಿಡಿದಿದೆ’, ‘ಏರ್ ಎಳೀತಿದೆ’: ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ. ಗಾಡಿಯ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಳ್ಳುವುದಕ್ಕೆ ಹೇಳುವ ಈ ಎರಡು ಮಾತುಗಳ ಬಳಕೆಯ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ. ಗಾಡಿಯ ಒಳಗಿನ ಕತೆ ಹೇಳದೆ ಈ ಪದದ ಕತೆ ಹೇಳಲು ಬರುವುದಿಲ್ಲ.

ಹಳೆಯ ಡೀಸೆಲ್ ಲಾರಿ ಓಡಿಸುವವರಿಗಾಗಿ ಕನ್ನಡದಲ್ಲೇ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕಾಮನ್ ರೈಲ್ ಎಂಬ ಹೊಸ ಡೀಸೆಲ್ ವ್ಯವಸ್ಥೆ ಬರುವುದಕ್ಕೆ ಮುಂಚಿನ, ಇಂಜಿನ್ನಿಗೆ ಡೀಸೆಲ್ ಒತ್ತಿಕೊಡುವ ಉದ್ದನೆಯ ಪಂಪು ಪಕ್ಕದಲ್ಲೇ ಕೂತಿರುವ ಗಾಡಿಗಳು. ಆಲೂರು, ಬಾಳುಪೇಟೆ, ಸಕಲೇಶಪುರದ ಕಡೆ ತೋಟದ ಕೆಲಸಕ್ಕೆ, ಜಲ್ಲಿಗೆ, ಶುಂಠಿ ಮೂಟೆಗೆ ಇಂಥವು ಇನ್ನೂ ಓಡುತ್ತಿವೆ. ಆ ಪಂಪಿಗೆ ಗ್ಯಾರೇಜಿನಲ್ಲಿ ಇವತ್ತಿಗೂ ‘ಮೈಕೋ ಪಂಪು’ ಎಂದೇ ಹೆಸರು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಮಾತು ಬದಲಾಗಿಲ್ಲ. ಕೈಪಿಡಿಯಲ್ಲೂ ಹಾಗೇ ಬರೆಯುತ್ತಿದ್ದೇನೆ.

ತೊಡಕು ಬಂದಿರುವುದು ‘ಹಿಡಿ’ ಎಂಬ ಕ್ರಿಯಾಪದದಲ್ಲಿ. ಹಾಸನದ ಬಿ.ಎಂ. ರಸ್ತೆಯ ಗ್ಯಾರೇಜುಗಳಲ್ಲಿ ಡೀಸೆಲ್ ಸರಿಯಾಗಿ ಬಾರದ ಯಾವ ಗಾಡಿ ನಿಂತರೂ ಕೇಳುವ ಮಾತು ‘ಏರ್ ಹಿಡ್ಕಂಡೈತೆ’. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೂ ಅದೇ, ಶಿರಾಡಿ ಘಾಟಿ ಹತ್ತುವಾಗ ಲೋಡ್ ಎಳೆಯದಿದ್ದರೂ ಅದೇ, ಸ್ವಲ್ಪ ದೂರ ಓಡಿ ನಿಂತುಬಿಟ್ಟರೂ ಅದೇ. ಮಾತು ಒಂದೇ ಆದ್ದರಿಂದ ಮದ್ದೂ ಒಂದೇ ಆಗಿಬಿಟ್ಟಿದೆ: ಕೈಪಂಪು (ಪೈಪಿಗೆ ಡೀಸೆಲ್ ತುಂಬಲು ಕೈಯಲ್ಲಿ ಒತ್ತುವ ಸಣ್ಣ ಪಂಪು) ಒತ್ತು, ಏರ್ ತೆಗಿ, ಹೊರಡು. ಗಾಡಿ ಹೊರಡುತ್ತದೆ, ಮಾರನೇ ದಿನ ಮತ್ತೆ ನಿಲ್ಲುತ್ತದೆ.

ತುಕ್ಕು ಹಿಡಿ, ಬೂಷ್ಟು ಹಿಡಿ, ಹುಳು ಹಿಡಿ, ಮಂಕು ಹಿಡಿ. ಈ ‘ಹಿಡಿ’ ಸ್ಥಿತಿಯನ್ನಷ್ಟೇ ಹೇಳುತ್ತದೆ. ಎಲ್ಲಿಂದ ಬಂತು, ಹೇಗೆ ಒಳಗೆ ಹೋಯಿತು ಎಂಬುದನ್ನು ಹೇಳುವುದಿಲ್ಲ. ಡ್ರೈವರಿಗೆ ಬೇಕಾಗಿರುವುದು ಅದೇ ಎರಡನೆಯ ಸಂಗತಿ. ಏರ್ ಯಾಕೆ ಅಷ್ಟು ದೊಡ್ಡ ತೊಂದರೆ ಎಂದರೆ, ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಹಳೆಯ ನಾಸಲ್ ಬಾಯಿ ತೆರೆಯಬೇಕಾದರೆ ಸುಮಾರು 200 ಬಾರ್‌ನಷ್ಟು ಒತ್ತಡ ಬೇಕು. ಡೀಸೆಲನ್ನು ಒತ್ತಿದರೆ ಒತ್ತಡ ತಟ್ಟನೆ ಏರುತ್ತದೆ. ಗಾಳಿಯನ್ನು ಒತ್ತಿದರೆ ಗಾಳಿಯೇ ಕುಗ್ಗಿ ಕೂರುತ್ತದೆ, ನಾಸಲ್ ತೆರೆಯುವುದೇ ಇಲ್ಲ.

ಆ ಗಾಳಿ ಬರುವ ದಾರಿ ಬಹುಮಟ್ಟಿಗೆ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಪೈಪು. ಟ್ಯಾಂಕಿನಿಂದ ಡೀಸೆಲ್ ಎಳೆದು ಮೈಕೋ ಪಂಪಿಗೆ ಕೊಡುವ ಸಣ್ಣ ಪಂಪೇ ಫೀಡ್ ಪಂಪು; ಅದು ಡೀಸೆಲನ್ನು ಎಳೆದುಕೊಳ್ಳುವ ಭಾಗ ಈ ಪೈಪು. ಅಲ್ಲಿ ಹೋಸ್ ಬಿರುಕು ಬಿಟ್ಟರೆ, ಬೋಲ್ಟಿನ ತಾಮ್ರದ ವಾಷರ್ ಸವೆದಿದ್ದರೆ, ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿದಂತೆ: ಒಂದು ಹನಿ ಕೆಳಗೆ ಬೀಳದಿದ್ದರೂ ಬಾಯಿಗೆ ಬರುವುದು ಬರೀ ಗಾಳಿ. ಹೀಗಿರುವಾಗ ‘ಲೀಕ್ ಎಲ್ಲಿದೆ ನೋಡಿ’ ಎಂದು ನಾನು ಬರೆದರೆ ಓದಿದವನು ಒದ್ದೆ ಹುಡುಕುತ್ತಾನೆ. ಒದ್ದೆ ಕಾಣದಿದ್ದರೆ ಪೈಪು ಸರಿಯಾಗಿದೆ ಎಂದು ತೀರ್ಮಾನಿಸುತ್ತಾನೆ. ಪೈಪಿನ ಮಾತಿಗೆ ಬಂದರೆ ಕನ್ನಡದ ‘ಸೋರು’, ‘ಜಿನುಗು’, ‘ಒಸರು’, ‘ತೊಟ್ಟಿಕ್ಕು’ ಎಲ್ಲವೂ ಒಳಗಿನದು ಹೊರಗೆ ಬರುವುದನ್ನೇ ಹೇಳುತ್ತವೆ. ಹೊರಗಿನದು ಒಳಗೆ ಹೋಗುವುದಕ್ಕೆ?

ಇದಕ್ಕೆ ಕೆಲವು ಹಿರಿಯ ಮೇಸ್ತ್ರಿಗಳ ಬಾಯಲ್ಲಿ ಬೇರೆ ಮಾತು ಕೇಳಿದ್ದೇನೆ: ‘ಏರ್ ಎಳೀತೈತೆ’. ನನಗೆ ಇದು ಬಹಳ ಒಪ್ಪಿಗೆಯಾಯಿತು. ‘ಹಿಡಿದಿದೆ’ ಎಂದರೆ ಆಗಿಹೋದದ್ದು, ‘ಎಳೀತಿದೆ’ ಎಂದರೆ ಇನ್ನೂ ಆಗುತ್ತಿರುವುದು. ಫಿಲ್ಟರ್ ಬದಲಿಸಿದಾಗಲೋ ಟ್ಯಾಂಕ್ ಪೂರ್ತಿ ಖಾಲಿಯಾದಾಗಲೋ ಏರ್ ಹಿಡಿಯುತ್ತದೆ, ಒಮ್ಮೆ ತೆಗೆದರೆ ಮುಗಿಯಿತು. ಎಳೆಯುತ್ತಿದ್ದರೆ ಎಷ್ಟು ಸಲ ತೆಗೆದರೂ ಮುಗಿಯುವುದಿಲ್ಲ. ರಾತ್ರಿ ನಿಲ್ಲಿಸಿದ ಗಾಡಿಗೆ ದಿನಾ ಬೆಳಿಗ್ಗೆ ಕೈಪಂಪು ಒತ್ತಬೇಕಾಗಿ ಬಂದರೆ ಅದು ಈ ಎರಡನೆಯದರ ಗುರುತು. ಫೀಡ್ ಪಂಪಿನ ವಾಲ್ವು ಸರಿಯಾಗಿ ಕೂರದಿದ್ದರೂ ಹಾಗಾಗಬಹುದು, ಆದ್ದರಿಂದ ಖಚಿತ ಮಾಡಿಕೊಳ್ಳಲು ಫೀಡ್ ಪಂಪಿಗೆ ಮುಂಚೆ ಒಂದು ತುಂಡು ಪಾರದರ್ಶಕ ಹೋಸ್ ಹಾಕಿ ಇಂಜಿನ್ ಓಡಿಸಿದರೆ ಗುಳ್ಳೆ ಹರಿಯುವುದು ಕಣ್ಣಿಗೇ ಕಾಣುತ್ತದೆ. ಇನ್ನೂ ಸಂದೇಹವಿದ್ದರೆ ಚೊಕ್ಕ ಡೀಸೆಲ್ಲಿನ ಕ್ಯಾನು ಕಟ್ಟಿ ಅದರಿಂದ ನೇರವಾಗಿ ಫೀಡ್ ಪಂಪಿಗೆ ಪೈಪು ಕೊಡುವುದು. ಆಗ ಗಾಡಿ ಸಲೀಸಾಗಿ ಓಡಿದರೆ ದೋಷ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲೇ ಇದೆ.

ಆದರೆ ‘ಎಳೆ’ಗೂ ಒಂದು ತೊಂದರೆ ಇದೆ. ‘ಗಾಡಿ ಎಳೀತಿಲ್ಲ’ ಎಂದರೆ ಶಕ್ತಿ ಇಲ್ಲ, ‘ಪಂಪು ಎಳೀತಿಲ್ಲ’ ಎಂದರೆ ಡೀಸೆಲ್ ಬರುತ್ತಿಲ್ಲ. ಒಂದೇ ಪುಟದಲ್ಲಿ ಮೂರು ‘ಎಳೆ’ ಬಂದರೆ ಓದುವವನಿಗೆ ಗೊಂದಲ. ‘ಹೀರು’ ಹಾಕಿ ನೋಡಿದೆ, ಸೊಳ್ಳೆ ಮತ್ತು ಸ್ಪಂಜಿಗೆ ಸರಿ, ಪೈಪಿಗೆ ಸಪ್ಪೆ. ‘ಒಳಸೋರಿಕೆ’ ಎಂದು ಯಾರೋ ಸೂಚಿಸಿದರು, ಅದು ಯಾವ ಡ್ರೈವರ್ ಬಾಯಲ್ಲೂ ಬರುವ ಮಾತಲ್ಲ. ‘ಏರ್’ ಬದಲು ‘ಗಾಳಿ’ ಎನ್ನಬಹುದಲ್ಲ ಎಂದು ಕೇಳುವವರಿಗೆ: ‘ಗಾಳಿ ಹಿಡಿದಿದೆ’ ಎಂದರೆ ನಮ್ಮ ಕಡೆ ಮನುಷ್ಯರಿಗೆ ದೆವ್ವ ಮೆಟ್ಟಿಕೊಂಡಿದೆ ಎಂಬ ಅರ್ಥ ಮೊದಲು ಬರುತ್ತದೆ, ‘ಗಾಳಿ ಬಿಟ್ಟರು’ ಎಂದರೆ ಟೈರು ಇಳಿಸಿದರು ಎಂದು. ಡೀಸೆಲ್ ಪೈಪಿಗೆ ‘ಏರ್’ ಎಂದೇ ಇಟ್ಟುಕೊಂಡಿರುವುದರಲ್ಲಿ ಗ್ಯಾರೇಜಿನವರ ವಿವೇಕ ಇದೆ. ಹಾಗೆಯೇ ಇಂಗ್ಲಿಷಿನ ‘ಬ್ಲೀಡ್’ಗೆ ‘ಏರ್ ತೆಗಿ’ ಸಾಕು, ಹೊಸದೇನೂ ಬೇಕಿಲ್ಲ.

ಇನ್ನು ಏರ್ ಇಲ್ಲವೇ ಇಲ್ಲ, ಆದರೆ ಡೀಸೆಲ್ ಸಾಲುತ್ತಿಲ್ಲ ಎಂಬ ಸ್ಥಿತಿ. ಶಿರಾಡಿಯ ಬುಡದ ಗುಂಡ್ಯದಿಂದ ಮೇಲೆ ಹತ್ತುವಾಗ ಗೊತ್ತಾಗುವುದು ಇದೇ. ಸ್ಲೋನಲ್ಲಿ ಇಂಜಿನ್ ಚೆನ್ನಾಗಿರುತ್ತದೆ, ಲೋಡಿನಲ್ಲಿ ಸೊರಗುತ್ತದೆ. ಕಪ್ಪು ಹೊಗೆ ಬಂದು ಎಳೆತ ಇಲ್ಲದಿದ್ದರೆ ಏರ್ ಕ್ಲೀನರ್, ನಾಸಲ್ ನೋಡಬೇಕು. ಹೊಗೆಯೂ ಇಲ್ಲ, ಎಳೆತವೂ ಇಲ್ಲ ಎಂದರೆ ಡೀಸೆಲ್ ದಾರಿ ನೋಡಬೇಕು. ಟ್ಯಾಂಕಿನ ಮುಚ್ಚಳದ ಉಸಿರುಕಿಂಡಿ ಮಣ್ಣಿನಿಂದ ಮುಚ್ಚಿದ್ದರೂ ಹೀಗಾಗುತ್ತದೆ. ಮುಚ್ಚಳ ಸಡಿಲಿಸಿದಾಗ ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿದರೆ ಅದೇ ಕಾರಣ. ಇದನ್ನೂ ‘ಏರ್ ಹಿಡಿದಿದೆ’ ಎಂದೇ ಕರೆಯುತ್ತಾರೆ, ಆದರೆ ಇಲ್ಲಿ ನಡೆದಿರುವುದು ತದ್ವಿರುದ್ಧ: ಒಳಗೆ ಬರಬೇಕಾದ ಗಾಳಿ ಬಾರದೆ ಪಂಪು ಸೋಲುತ್ತಿದೆ. ಫಿಲ್ಟರಿನಲ್ಲಿ ಕೊಳೆ ತುಂಬಿ ಡೀಸೆಲ್ ಸಾಗದಿದ್ದರೂ ಇದೇ ಸ್ಥಿತಿ. ಅದಕ್ಕೆ ‘ಕಟ್ಟಿದೆ’ ಎನ್ನುವುದು ನನಗೆ ಸರಿಯೆನಿಸುತ್ತದೆ, ಮೂಗು ಕಟ್ಟಿದೆ, ಮೋರಿ ಕಟ್ಟಿದೆ ಎನ್ನುವ ಹಾಗೆ. ಈ ಇಡೀ ಸ್ಥಿತಿಗೆ ‘ಡೀಸೆಲ್ ಬರ’ ಎಂದು ಬರೆದುಕೊಂಡಿದ್ದೇನೆ. ತಕರಾರಿದ್ದರೆ ಹೇಳಿ.

ಫಿಲ್ಟರ್ ಕಟ್ಟುವುದಕ್ಕೆ ನಮ್ಮ ಮಲೆನಾಡಿನದೇ ಒಂದು ಕಾರಣವಿದೆ. ಮಳೆಗಾಲದಲ್ಲಿ ತೋಟದ ಗಾಡಿ ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿರುತ್ತದೆ. ಟ್ಯಾಂಕಿನ ಖಾಲಿ ಭಾಗದಲ್ಲಿರುವ ತೇವ ತಣಿದು ನೀರಾಗಿ ತಳಕ್ಕೆ ಇಳಿಯುತ್ತದೆ. ನೀರೂ ಡೀಸೆಲ್ಲೂ ಕೂಡುವ ಪದರದಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪಗೆ ಜಿಗುಟಾಗಿ ಕೂರುತ್ತದೆ. ನವೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾಗಿ ಗಾಡಿ ಕುಲುಕಿದ ಕೂಡಲೇ ಅದೆಲ್ಲ ಫಿಲ್ಟರಿಗೆ ಬಂದು ಮೆತ್ತಿಕೊಳ್ಳುತ್ತದೆ. ಇದಕ್ಕೆ ‘ಪಾಚಿ’ ಎನ್ನುವುದು ರೂಢಿ. ಪಾಚಿಗೆ ಬೆಳಕು ಬೇಕು, ಕತ್ತಲ ಟ್ಯಾಂಕಿನಲ್ಲಿ ಬೆಳೆಯುವುದು ಬೂಷ್ಟು ಮತ್ತು ಬ್ಯಾಕ್ಟೀರಿಯಾ. ‘ಲೋಳೆ’ ಎಂದು ಬರೆಯಲೇ? ಸೌತೆಕಾಯಿಯ, ಮೀನಿನ ಲೋಳೆಯಿಂದ ಅದನ್ನು ಬೇರೆ ಮಾಡಲು ‘ಟ್ಯಾಂಕಿನ ಲೋಳೆ’ ಎಂದರೆ ಸಾಕೇ?

ಒತ್ತಡದ ಭಾಗದ ಸೋರಿಕೆಗೆ ಮಾತ್ರ ನಾನು ‘ಲೀಕ್’ ಎಂದೇ ಉಳಿಸಿಕೊಳ್ಳುತ್ತೇನೆ, ಎಚ್ಚರಿಕೆಯ ಜೊತೆಗೆ. ನಾಸಲ್ ಪೈಪಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿಕೊಂಡು ಒಳಗೆ ಹೋಗಬಲ್ಲದು, ಬೆರಳಿಟ್ಟು ನೋಡಲೇಬಾರದು. ತೂರಿದರೆ ಗಾಯ ಚುಕ್ಕೆಯಷ್ಟೇ ಇದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನನ್ನ ಮುಖ್ಯ ಪ್ರಶ್ನೆ ಕಡೂರು, ತರೀಕೆರೆ, ಅರಸೀಕೆರೆ ಕಡೆಯವರಿಗೆ. ಅಲ್ಲಿ ಪಂಪ್‌ಸೆಟ್ಟಿನ ಸಕ್ಷನ್ ಪೈಪು ಸೀಳಿ ನೀರು ಎತ್ತದಿದ್ದಾಗ ರೈತರು ಏನೆನ್ನುತ್ತಾರೆ? ಅಲ್ಲೂ ‘ಏರ್ ಎಳೀತೈತೆ’ ಎಂಬ ಮಾತು ‘ಏರ್ ಹಿಡ್ದೈತೆ’ಗಿಂತ ಬೇರೆಯಾಗಿ ಬಳಕೆಯಲ್ಲಿದ್ದರೆ ನಾನು ಧೈರ್ಯವಾಗಿ ಅದನ್ನೇ ಇಟ್ಟುಕೊಳ್ಳುತ್ತೇನೆ. ಬೇರೆ ಮಾತಿದ್ದರೆ ಯಾವ ಊರಿನದು, ಯಾರ ಬಾಯಲ್ಲಿ ಹೇಗೆ ಬರುತ್ತದೆ ಎಂದು ಪೂರ್ತಿ ವಾಕ್ಯದ ಸಮೇತ ತಿಳಿಸಿ.